ಹೊಸ ಬಾಯ್ಲರ್ ನಿಮಿಷಕ್ಕೊಮ್ಮೆ ಆರುವುದೇಕೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಮೂಲತಃ ಧಾರವಾಡದವರು, ಪುಣೆಯ ಕೋಥ್ರೂಡ್‌ನಲ್ಲಿ ನೆಲೆಸಿ ಬಹಳ ವರ್ಷಗಳಾದವು. ಮನೆಯ ಕೆಳ ಅಂತಸ್ತಿನಲ್ಲಿ ನಾವಿದ್ದೇವೆ, ಮೇಲಿನ ಎರಡು ಅಂತಸ್ತುಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ಬಾಡಿಗೆಗೆ ಇದ್ದಾರೆ. ಎಲ್ಲ ಸೇರಿ ಸುಮಾರು ಮೂವತ್ತು ಜನರ ಸ್ನಾನಕ್ಕೆ ಬಿಸಿನೀರು ಬೇಕು. ಪಕ್ಕದಲ್ಲಿ ಎತ್ತರದ ಕಟ್ಟಡ ಎದ್ದ ಮೇಲೆ ತಾರಸಿಯ ಸೋಲಾರ್ ಹೀಟರಿಗೆ ಬಿಸಿಲು ಸಾಲದೆ, ಈ ಸಲದ ಚಳಿಗಾಲಕ್ಕೆ ಮುನ್ನ ಹಿತ್ತಲಿನ ಶೆಡ್ಡಿನಲ್ಲಿ ಡೀಸೆಲ್ ಬಾಯ್ಲರ್ ಕೂರಿಸಿದೆವು. ಅದರ ಫಲಕದ ಮೇಲೆ ಗಂಟೆಗೆ 50,000 ಕಿಲೊಕ್ಯಾಲರಿ ಎಂದೂ, ಒಳಗೆ ಹಿಡಿಯುವ ನೀರು 80 ಲೀಟರ್ ಎಂದೂ ಬರೆದಿದೆ. ತಾರಸಿಯಲ್ಲಿ ಶಾಖ ಆರದಂತೆ ಹೊದಿಕೆ ಹಾಕಿದ 1,000 ಲೀಟರಿನ ಟ್ಯಾಂಕ್ ಇದೆ. ಕೆಳಗಿರುವ ಪಂಪು ಬಾಯ್ಲರಿಗೂ ಟ್ಯಾಂಕಿಗೂ ನಡುವೆ ನೀರನ್ನು ಸುತ್ತಿಸುತ್ತದೆ. ತೊಂದರೆಯೇನೆಂದರೆ, ಬೆಳಗಿನ ಜಾವ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಬಾಯ್ಲರಿನ ಮುಳ್ಳು 80 ಡಿಗ್ರಿ ತಲುಪಿ ಬರ್ನರ್ ನಿಂತುಬಿಡುತ್ತದೆ. ಮೂರು ನಿಮಿಷ ಬಿಟ್ಟು, ಮುಳ್ಳು 70ಕ್ಕೆ ಇಳಿದಾಗ ಮತ್ತೆ ಹೊತ್ತಿಕೊಂಡು, ಒಂದೂಕಾಲು ನಿಮಿಷ ಉರಿದು ಮತ್ತೆ ನಿಲ್ಲುತ್ತದೆ. ಎರಡು ಗಂಟೆ ಹೀಗೆಯೇ ನಡೆದರೂ ಮೇಲಿನ ಟ್ಯಾಂಕಿನ ನೀರು ಉಗುರುಬೆಚ್ಚಗೆ ಮಾತ್ರ ಆಗುತ್ತದೆ. ಕೂರಿಸಿದವರು ಮೊದಲು ಥರ್ಮೋಸ್ಟ್ಯಾಟ್ ಬದಲಿಸಿದರು, ಆಮೇಲೆ ಡೀಸೆಲ್ ಸಿಂಪಡಿಸುವ ನಾಝಲ್ ಬದಲಿಸಿದರು. ಈಗ ‘ನಿಮ್ಮ ಮನೆಗೆ ಇದು ಸಣ್ಣದಾಯಿತು, ಒಂದು ಲಕ್ಷ ಕಿಲೊಕ್ಯಾಲರಿಯದು ಹಾಕಿ’ ಎನ್ನುತ್ತಿದ್ದಾರೆ. ಅವರ ಮಾತು ಸರಿಯೇ?

ಉತ್ತರ: ಸರಿಯಲ್ಲ. ದಯವಿಟ್ಟು ಹೊಸ ಬಾಯ್ಲರಿಗೆ ಮುಂಗಡ ಕೊಡಬೇಡಿ. ನಿಮ್ಮ ಪತ್ರದಲ್ಲಿ ನೀವು ಬರೆದಿರುವ ಎರಡು ಅಂಕಿಗಳೇ, ಎಂದರೆ ಬರ್ನರ್ ಉರಿಯುವ ಒಂದೂಕಾಲು ನಿಮಿಷ ಮತ್ತು ಸುಮ್ಮನಿರುವ ಮೂರು ನಿಮಿಷ, ದೋಷ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಹೇಳುತ್ತಿವೆ. ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುವ ಮೊದಲು ಯಾರಾದರೂ ಗಡಿಯಾರ ಹಿಡಿದು ಈ ಲೆಕ್ಕ ಮಾಡಬೇಕಿತ್ತು.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಒಂದು ಕಿಲೊಕ್ಯಾಲರಿ ಬೇಕು. ಗಂಟೆಗೆ 50,000 ಎಂದರೆ ನಿಮಿಷಕ್ಕೆ ಸುಮಾರು 830. ನಿಮ್ಮ ಬರ್ನರ್ ಒಂದೂಕಾಲು ನಿಮಿಷದಲ್ಲಿ ಸಾವಿರಕ್ಕೂ ತುಸು ಹೆಚ್ಚು ಕಿಲೊಕ್ಯಾಲರಿ ಕೊಡುತ್ತದೆ, ಅಷ್ಟರಲ್ಲಿ ಮುಳ್ಳು 70ರಿಂದ 80ಕ್ಕೆ, ಅಂದರೆ ಹತ್ತು ಡಿಗ್ರಿ ಏರುತ್ತದೆ. ಸಾವಿರವನ್ನು ಹತ್ತರಿಂದ ಭಾಗಿಸಿದರೆ ನೂರು. ಹೀಗಾಗಿ ನಿಮ್ಮ ಬರ್ನರ್ ಬಿಸಿಮಾಡುತ್ತಿರುವುದು ಹೆಚ್ಚುಕಡಿಮೆ ನೂರು ಲೀಟರ್ ನೀರನ್ನು ಮಾತ್ರ, ಅದರಲ್ಲಿ 80 ಲೀಟರ್ ಬಾಯ್ಲರಿನ ಹೊಟ್ಟೆಯೊಳಗೇ ಇದೆ. ತಾರಸಿಯ ಸಾವಿರ ಲೀಟರ್ ಈ ಲೆಕ್ಕದೊಳಗೆ ಬಂದೇ ಇಲ್ಲ. ಅದು ಸರಿಯಾಗಿ ಸುತ್ತುತ್ತಿದ್ದರೆ, ಅಷ್ಟೂ ನೀರು ಹತ್ತು ಡಿಗ್ರಿ ಏರಲು ಹತ್ತು ಸಾವಿರ ಕಿಲೊಕ್ಯಾಲರಿ, ಎಂದರೆ ಬರ್ನರಿನ ಹನ್ನೆರಡು ನಿಮಿಷಗಳ ಸತತ ಉರಿ ಬೇಕಾಗುತ್ತಿತ್ತು. ಬೆಳಗಿನ ತಣ್ಣೀರು 20 ಡಿಗ್ರಿಯಲ್ಲಿದ್ದು ಅದನ್ನು 60ಕ್ಕೆ ಒಯ್ಯಬೇಕೆಂದರೂ ಸುಮಾರು ಐವತ್ತು ನಿಮಿಷ ಸಾಕು. ಮೂವತ್ತು ಜನರ ಸ್ನಾನಕ್ಕೆ, ತಣ್ಣೀರು ಬೆರೆಸಿಕೊಳ್ಳುವುದನ್ನೂ ಎಣಿಸಿದರೆ, ಈ ಬಾಯ್ಲರ್ ಯಾವ ರೀತಿಯಲ್ಲೂ ಸಣ್ಣದಲ್ಲ.

ಇನ್ನು ನಿಮ್ಮ ಎರಡನೆಯ ಅಂಕಿ. ನಾಲ್ಕೂಕಾಲು ನಿಮಿಷದ ಒಂದು ಸುತ್ತಿನಲ್ಲಿ ಬರ್ನರ್ ಉರಿಯುವುದು ಒಂದೂಕಾಲು ನಿಮಿಷ. ಹಾಗಾಗಿ ಈಗಿರುವ ಬಾಯ್ಲರಿನ ಸಾಮರ್ಥ್ಯದಲ್ಲಿ ಮೂರನೆಯ ಒಂದು ಪಾಲು ಕೂಡ ಬಳಕೆಯಾಗುತ್ತಿಲ್ಲ. ಶಾಖ ಹುಟ್ಟುತ್ತಿದೆ, ಆದರೆ ಬಾಯ್ಲರಿನಿಂದ ಹೊರಗೆ ಹೋಗುತ್ತಿಲ್ಲ. ಇಂಥ ಸ್ಥಿತಿಯಲ್ಲಿ ಒಂದು ಲಕ್ಷದ ಬಾಯ್ಲರ್ ಕೂರಿಸಿದರೆ ಅದು ಒಂದೂಕಾಲು ನಿಮಿಷದ ಬದಲು ಅದರ ಅರ್ಧದಷ್ಟು ಹೊತ್ತು ಉರಿದು ನಿಲ್ಲುತ್ತದೆ, ಟ್ಯಾಂಕಿಗೆ ತಲುಪುವ ಶಾಖ ಮಾತ್ರ ಈಗಿನಷ್ಟೇ ಇರುತ್ತದೆ. ಆಲಿಕೆಯ ಕೊಳವೆ ಕಿರಿದಾಗಿರುವಾಗ ಲೋಟದ ಬದಲು ಕೊಡದಿಂದ ಸುರಿದರೆ ಸೀಸೆ ಬೇಗ ತುಂಬುವುದಿಲ್ಲವಲ್ಲ. ಥರ್ಮೋಸ್ಟ್ಯಾಟ್ ಬದಲಿಸಿದ್ದೂ ವ್ಯರ್ಥ. ನೀರು ನಿಜವಾಗಿಯೂ 80 ಡಿಗ್ರಿ ಮುಟ್ಟಿದಾಗ ಅದು ಬರ್ನರನ್ನು ನಿಲ್ಲಿಸಿದೆ, ಅದು ಮಾಡಬೇಕಾದ ಕೆಲಸವೇ ಅದು. ನಾಝಲಿನಲ್ಲಿ ದೋಷವಿದ್ದಿದ್ದರೆ ಮುಳ್ಳು ಅಷ್ಟು ಬೇಗ ಏರುತ್ತಲೇ ಇರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬರ್ನರ್ ಪದೇ ಪದೇ ನಿಲ್ಲುವುದನ್ನು ತಪ್ಪಿಸಲು ಕೆಲವು ಮೆಕ್ಯಾನಿಕ್‌ಗಳು ಥರ್ಮೋಸ್ಟ್ಯಾಟಿನ ವಯರುಗಳನ್ನು ಜೋಡಿಸಿ ‘ಡೈರೆಕ್ಟ್’ ಮಾಡಿಕೊಡುತ್ತಾರೆ. ಅದಕ್ಕೆ ಎಂದೂ ಒಪ್ಪಬೇಡಿ. ನೀರು ಹರಿಯದ ಬಾಯ್ಲರಿನಲ್ಲಿ ಉರಿಯನ್ನು ತಡೆಯುವವರು ಯಾರೂ ಇಲ್ಲವಾದರೆ ನೀರು ಕುದಿದು ಆವಿಯಾಗುತ್ತದೆ. ಮುಂದಿನದು ಮನೆಯವರ ಪ್ರಾಣದ ಪ್ರಶ್ನೆ. ಬಾಯ್ಲರಿನಿಂದ ಹೊರಟ ಸುರಕ್ಷಾ ಪೈಪಿಗೆ, ಅಂದರೆ ಆವಿ ಹೊರಹೋಗಲು ಬಿಟ್ಟ ತೆರೆದ ಪೈಪಿಗೆ, ಯಾರೂ ನಡುವೆ ವಾಲ್ವ್ ಹಾಕಿಲ್ಲವೆಂಬುದನ್ನೂ ಇಂದೇ ನೋಡಿಕೊಳ್ಳಿ.

ನೀರು ಎಷ್ಟು ಹರಿಯಬೇಕು? ಬಾಯ್ಲರಿನಿಂದ ಹೊರಡುವ ನೀರಿಗೂ ಮರಳಿ ಬರುವ ನೀರಿಗೂ ಹದಿನೈದು ಡಿಗ್ರಿ ಅಂತರವಿರಲಿ ಎಂದುಕೊಂಡರೆ, 830ನ್ನು 15ರಿಂದ ಭಾಗಿಸಿ, ನಿಮಿಷಕ್ಕೆ ಸುಮಾರು 55 ಲೀಟರ್. ನಿಮ್ಮಲ್ಲಿ ನಿಮಿಷಕ್ಕೆ ಐದಾರು ಲೀಟರ್ ಹರಿಯುತ್ತಿರಬಹುದೆಂದು ಉರಿಯುವ ಮತ್ತು ತಣಿಯುವ ಹೊತ್ತುಗಳಿಂದ ನನಗೆ ತೋರುತ್ತದೆ. ಹತ್ತನೆಯ ಒಂದು ಪಾಲು. ಇಷ್ಟು ದೊಡ್ಡ ಕೊರತೆಗೆ ಕಾರಣ ಸಣ್ಣಪುಟ್ಟ ಹೊಂದಾಣಿಕೆಯ ದೋಷವಾಗಿರಲಾರದು. ಪೈಪಿನ ದಾರಿಯಲ್ಲಿ ಎಲ್ಲೋ ಗಾಳಿ ಕಟ್ಟಿಕೊಂಡಿರಬೇಕು, ಅಥವಾ ಏನೋ ಅಡ್ಡ ಬಂದಿರಬೇಕು.

ನನ್ನ ಮೊದಲ ಅನುಮಾನ ಗಾಳಿಯ ಮೇಲೆ. ಪುಣೆಯ ಬಂಗಲೆಗಳಲ್ಲಿ ಪೈಪು ಹೊರಗೋಡೆಗುಂಟ ಏರಿ, ತಾರಸಿಯ ಮೋಟುಗೋಡೆಯನ್ನು ದಾಟಿ, ಕೆಳಗಿಳಿದು, ನೆಲದುದ್ದ ಸಾಗಿ, ಆಮೇಲೆ ಸ್ಟ್ಯಾಂಡಿನ ಮೇಲಿನ ಟ್ಯಾಂಕಿಗೆ ಏರುವುದನ್ನು ನೀವು ನೋಡಿರುತ್ತೀರಿ. ಮೋಟುಗೋಡೆಯ ಮೇಲಿನ ಆ ಕಮಾನು ಗಾಳಿ ಸೇರಲು ಹೇಳಿ ಮಾಡಿಸಿದ ಜಾಗ. ತಣ್ಣೀರಿನಲ್ಲಿ ಕರಗಿರುವ ಗಾಳಿ ನೀರು ಬಿಸಿಯಾದಂತೆ ಬೇರ್ಪಡುತ್ತದೆ. ಆದ್ದರಿಂದ ಕೂರಿಸಿದ ದಿನ ಗಾಳಿಯನ್ನೆಲ್ಲ ಬಿಟ್ಟಿದ್ದರೂ ಮುಂದಿನ ದಿನಗಳಲ್ಲಿ ಅದು ಮತ್ತೆ ಅಲ್ಲೇ ಕೂಡಿಕೊಳ್ಳುತ್ತದೆ. ಸಣ್ಣ ಸರ್ಕ್ಯುಲೇಷನ್ ಪಂಪಿಗೆ ಆ ಗಾಳಿಯನ್ನು ದೂಡಿಕೊಂಡು ಹೋಗುವ ಬಲವಿಲ್ಲ, ನೀರು ಕಮಾನಿನ ತಳದಲ್ಲಿ ತೆಳ್ಳಗೆ ಹರಿಯುತ್ತದೆ. ಕಮಾನಿನ ತುದಿಯಲ್ಲಿ ತಾನಾಗಿ ಗಾಳಿ ಬಿಡುವ ಏರ್ ವೆಂಟ್ ಒಂದನ್ನು ಹಾಕಿಸಿದರೆ ಇದು ಶಾಶ್ವತವಾಗಿ ಪರಿಹಾರವಾಗುತ್ತದೆ, ಅದರ ಬೆಲೆ ಬಾಯ್ಲರಿನ ಬೆಲೆಯ ಮುಂದೆ ಏನೂ ಅಲ್ಲ. ಸಾಧ್ಯವಿದ್ದರೆ ಪೈಪಿನ ದಾರಿಯನ್ನೇ ಬದಲಿಸಿ, ಬಾಯ್ಲರಿನಿಂದ ಟ್ಯಾಂಕಿನವರೆಗೆ ಎಲ್ಲೂ ಇಳಿಯದೆ ಏರುತ್ತಲೇ ಹೋಗುವಂತೆ ಮಾಡಿಸುವುದು ಇನ್ನೂ ಉತ್ತಮ.

ಗಾಳಿಯಲ್ಲವಾದರೆ ಸ್ಟ್ರೇನರ್, ಅಂದರೆ ಕಸ ತಡೆಯುವ ಜಾಲರಿ. ಹೊಸ ಪೈಪುಗಳಲ್ಲಿ ತಿರುಪಿನ ಗೆರೆ ಕೊರೆದಾಗಿನ ಲೋಹದ ಚೂರು, ಟೆಫ್ಲಾನ್ ಟೇಪಿನ ತುಣುಕು, ಸೆಣಬು, ವೆಲ್ಡಿಂಗಿನ ಕಿಟ್ಟ ಇವೆಲ್ಲ ಉಳಿದಿರುತ್ತವೆ. ಪಂಪಿನ ಮುಂದಿರುವ ಜಾಲರಿಗೆ ಅವು ಮೊದಲ ವಾರದಲ್ಲೇ ಬಂದು ಕೂರುತ್ತವೆ. ಬಾಯ್ಲರನ್ನು ಬಂದ್ ಮಾಡಿ, ನೀರು ಪೂರ್ತಿ ತಣಿದ ಮೇಲೆ, ಎರಡೂ ಕಡೆಯ ವಾಲ್ವುಗಳನ್ನು ಮುಚ್ಚಿ ಜಾಲರಿಯನ್ನು ಬಿಚ್ಚಿ ತೊಳೆಯಲು ಹೇಳಿ. ಇದೇ ಹೊತ್ತಿಗೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವಿನ ಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇದೆಯೇ, ಪ್ರತಿಯೊಂದು ವಾಲ್ವೂ ಪೂರ್ತಿ ತೆರೆದಿದೆಯೇ ಎಂದು ಪರೀಕ್ಷಿಸಬೇಕು. ಗೇಟ್ ವಾಲ್ವುಗಳ ಹಿಡಿ ತಿರುಗುತ್ತಿದ್ದರೂ ಒಳಗಿನ ಬಾಗಿಲು ಕಳಚಿ ಅಲ್ಲೇ ಬಿದ್ದಿರುವುದುಂಟು.

ಪಂಪಿನ ಸದ್ದು ಕೇಳಿಸುತ್ತಿದೆ ಎಂಬುದು ನೀರು ಹರಿಯುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಪಂಪು ತ್ರೀಫೇಸ್ ಆಗಿದ್ದು, ವಯರುಗಳು ಅದಲುಬದಲಾಗಿ ಉಲ್ಟಾ ತಿರುಗುತ್ತಿದ್ದರೂ ಅದು ಸ್ವಲ್ಪ ನೀರನ್ನು ಸರಿಯಾದ ದಿಕ್ಕಿಗೇ ದೂಡುತ್ತದೆ, ಹಾಗಾಗಿಯೇ ಈ ತಪ್ಪು ಬಹಳ ಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ಪೈಪು ಎಷ್ಟು ಅಗಲದ್ದು ಎಂಬುದನ್ನು ನೀವು ಬರೆದಿಲ್ಲ. ನಿಮಿಷಕ್ಕೆ 55 ಲೀಟರ್ ನೆಮ್ಮದಿಯಾಗಿ ಹರಿಯಬೇಕಾದರೆ ಒಂದೂಕಾಲು ಇಂಚಿನ ಪೈಪು ಬೇಕು. ಬಚ್ಚಲಿನ ನಲ್ಲಿಗೆ ಹಾಕುವ ಅರ್ಧ ಇಂಚಿನ ಪೈಪನ್ನೇ ಇಲ್ಲಿಗೂ ಎಳೆದಿದ್ದರೆ ಅದನ್ನು ಬದಲಿಸದೆ ಬೇರೆ ದಾರಿಯಿಲ್ಲ. ಟ್ಯಾಂಕಿಗೆ ಬಿಸಿನೀರು ಎಲ್ಲಿ ಸೇರುತ್ತದೆ ಎಂಬುದನ್ನೂ ನೋಡಿ. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಇಳಿಯುವ ನೀರಿನ ಭಾರವೇ ಏರುವ ನೀರನ್ನು ಸರಿದೂಗಿಸುವುದರಿಂದ, ಪಂಪು ಪೈಪಿನ ಘರ್ಷಣೆಯನ್ನು ಗೆದ್ದರೆ ಸಾಕು. ಬಾಯಿ ನೀರಿನ ಮಟ್ಟಕ್ಕಿಂತ ಮೇಲಿದ್ದು ನೀರು ಮೇಲಿನಿಂದ ಬೀಳುವಂತಿದ್ದರೆ ಆ ಹೆಚ್ಚುವರಿ ಎತ್ತರವನ್ನೂ ಸಣ್ಣ ಪಂಪು ಎತ್ತಬೇಕಾಗುತ್ತದೆ.

ದುರಸ್ತಿಯಾದ ಮೇಲೆ ಫಲ ಸಿಕ್ಕಿದೆಯೇ ಎಂದು ನೀವೇ ಅಳೆದು ನೋಡಬಹುದು. ಬಾಯ್ಲರಿನಿಂದ ಹೊರಡುವ ಪೈಪಿಗೂ ಮರಳಿ ಬರುವ ಪೈಪಿಗೂ ಒಂದೊಂದು ಥರ್ಮಾಮೀಟರ್ ಕಟ್ಟಿಸಿ. ಕೈಯಿಂದ ಮುಟ್ಟಿ ನೋಡಬೇಡಿ, 80 ಡಿಗ್ರಿಯ ಪೈಪು ಕ್ಷಣದಲ್ಲಿ ಸುಡುತ್ತದೆ. ಬರ್ನರ್ ಸತತವಾಗಿ ಉರಿಯುತ್ತಿರುವಾಗ ಎರಡರ ಅಂತರ ಎಷ್ಟಿದೆಯೋ ಅದರಿಂದ 830ನ್ನು ಭಾಗಿಸಿದರೆ ನಿಮಿಷಕ್ಕೆ ಹರಿಯುವ ಲೀಟರ್ ಸಿಗುತ್ತದೆ. ಅಂತರ 40 ಡಿಗ್ರಿ ಇದ್ದರೆ ಹರಿವು ಇನ್ನೂ ಇಪ್ಪತ್ತರ ಆಸುಪಾಸಿನಲ್ಲೇ ಇದೆ. ಆಗ ಟ್ಯಾಂಕ್ ತಣ್ಣಗಿರುವಷ್ಟು ಹೊತ್ತು ಬರ್ನರ್ ಚೆನ್ನಾಗಿ ಉರಿದು, ನೀರು ಬೆಚ್ಚಗಾದ ಮೇಲೆ ಹಳೆಯ ತೊಂದರೆ ಮರುಕಳಿಸುತ್ತದೆ. ಅಂತರ ಹದಿನೈದಕ್ಕೆ ಬರುವವರೆಗೆ ಕೆಲಸ ಮುಗಿಯಿತೆಂದು ತಿಳಿಯಬೇಡಿ, ಬಾಕಿ ಹಣವನ್ನೂ ಕೊಡಬೇಡಿ.

ಹರಿವು ಸರಿಯಾದ ಬಳಿಕ ವಯರಿಂಗ್ ನೋಡಬೇಕು. ಟ್ಯಾಂಕಿನ ಥರ್ಮೋಸ್ಟ್ಯಾಟ್ ಪಂಪನ್ನು ಮಾತ್ರ ನಿಲ್ಲಿಸಿ, ಬರ್ನರ್ ತನ್ನ ಪಾಡಿಗೆ ಬಾಯ್ಲರಿನ ಥರ್ಮೋಸ್ಟ್ಯಾಟಿನ ಮೇಲೆ ನಡೆಯುವಂತೆ ಜೋಡಿಸುವುದು ಬಹಳ ಕಡೆ ಕಾಣುವ ತಪ್ಪು. ಹೀಗಿದ್ದರೆ ಟ್ಯಾಂಕ್ ಬಿಸಿಯಾಗಿ ಪಂಪು ನಿಂತ ಮೇಲೂ ಬರ್ನರ್ ಆ 80 ಲೀಟರನ್ನೇ ದಿನವಿಡೀ ಕಾಯಿಸುತ್ತ, ನಿಲ್ಲಿಸುತ್ತ ಇರುತ್ತದೆ. ಟ್ಯಾಂಕಿನ ಥರ್ಮೋಸ್ಟ್ಯಾಟನ್ನು 60 ಡಿಗ್ರಿಗಿಟ್ಟು, ಅದೇ ಬರ್ನರ್ ಮತ್ತು ಪಂಪು ಎರಡನ್ನೂ ಕರೆಯುವಂತೆ ಮಾಡಬೇಕು. ಬಾಯ್ಲರಿನದು ಮೇಲಿನ ಮಿತಿಯ ಕಾವಲಿಗೆ ಮಾತ್ರ ಇರಲಿ. ಬರ್ನರ್ ನಿಂತ ಮೇಲೆ ಪಂಪು ಕೆಲವು ನಿಮಿಷ ಹೆಚ್ಚು ಓಡಿದರೆ ಬಾಯ್ಲರಿನಲ್ಲಿ ಉಳಿದ ಶಾಖವೂ ಟ್ಯಾಂಕಿಗೆ ಹೋಗುತ್ತದೆ.

70–80ರ ಅಂತರವನ್ನು 60–80ಕ್ಕೆ ಹಿಗ್ಗಿಸಿ ಎಂದೋ, ಬರ್ನರ್ ಹತ್ತು ನಿಮಿಷ ಹೊತ್ತಿಕೊಳ್ಳದಂತೆ ಟೈಮರ್ ಹಾಕಿ ಎಂದೋ ಯಾರಾದರೂ ಸಲಹೆ ಕೊಟ್ಟರೆ, ಹರಿವು ಸರಿಯಾಗುವ ಮೊದಲು ಅದನ್ನು ಮಾಡಿಸಬೇಡಿ. ನಿಲ್ಲುವ ಸಂಖ್ಯೆ ಕಡಿಮೆಯಾಗುತ್ತದೆ ನಿಜ, ಆದರೆ ಮಕ್ಕಳ ಸ್ನಾನದ ನೀರು ಉಗುರುಬೆಚ್ಚಗೇ ಉಳಿಯುತ್ತದೆ, ಕಾರಣ ಮರೆಯಾಗುತ್ತದೆ.

ಇಷ್ಟು ದಿನ ನಡೆದ ಈ ಹೊತ್ತಿ ಆರುವ ಆಟದಿಂದ ಬರ್ನರಿಗೂ ಹಾನಿಯಾಗಿರುತ್ತದೆ. ಪ್ರತಿ ಸಲ ಹೊತ್ತಿಕೊಳ್ಳುವ ಮೊದಲು ಫ್ಯಾನು ಹತ್ತು ಹದಿನೈದು ಸೆಕೆಂಡು ತಣ್ಣನೆಯ ಗಾಳಿಯನ್ನು ಬಿಸಿ ಬಾಯ್ಲರಿನ ಮೂಲಕ ಊದುತ್ತದೆ, ಆ ಗಾಳಿ ನಿಮ್ಮ ಡೀಸೆಲಿನ ಶಾಖವನ್ನು ಚಿಮಣಿಗೆ ಒಯ್ಯುತ್ತದೆ. ಹೊತ್ತುವಾಗಲೂ ಆರುವಾಗಲೂ ಉರಿ ಶುದ್ಧವಾಗಿರುವುದಿಲ್ಲವಾದ್ದರಿಂದ ಮಸಿ ಕಟ್ಟುತ್ತದೆ. ಒಮ್ಮೆ ಮಸಿ ಕೆರೆಸಿ, ಹೊಗೆಯನ್ನು ಅಳೆಯುವ ಉಪಕರಣ ಇಟ್ಟುಕೊಂಡವರಿಂದ ಗಾಳಿಯ ಪ್ರಮಾಣವನ್ನು ಹೊಂದಿಸಿಕೊಳ್ಳಿ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಮುಂಬೈಯ ಗಾಳಿಗಿಂತ ಆರು ಪ್ರತಿಶತದಷ್ಟು ತೆಳು. ಕಾರ್ಖಾನೆಯಲ್ಲಿ ಇಟ್ಟು ಕಳಿಸಿದ ಗಾಳಿಕಿಂಡಿಯ ಅಳತೆಯನ್ನು ಹಾಗೆಯೇ ಬಿಟ್ಟರೆ ಹೊಗೆ ಬರಬಹುದು. ಶೆಡ್ಡಿನ ಕಿಂಡಿಗಳನ್ನು ಚಳಿಗೆಂದು ಮುಚ್ಚಬೇಡಿ. ಉರಿಗೆ ಗಾಳಿ ಸಾಲದಿದ್ದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಪ್ರಶ್ನೆ: ಗೋವಾದ ಫೋಂಡಾ ಸಮೀಪ ನಮ್ಮದೊಂದು ಮನೆಯಿದೆ, ಪ್ರವಾಸಿಗರಿಗೂ ಕೋಣೆ ಕೊಡುತ್ತೇವೆ. ಮಳೆಗಾಲದ ಕೊನೆಯಲ್ಲಿ ಕೂರಿಸಿದ ಡೀಸೆಲ್ ಬಾಯ್ಲರ್ ಹೊತ್ತಿಕೊಂಡ ಕೆಲವೇ ಸೆಕೆಂಡುಗಳಲ್ಲಿ ಆರಿ ಕೆಂಪು ದೀಪ ಹತ್ತುತ್ತದೆ. ಗುಂಡಿ ಒತ್ತಿದರೆ ಕೆಲವೊಮ್ಮೆ ಸರಿಯಾಗುತ್ತದೆ, ಕೆಲವೊಮ್ಮೆ ನಾಲ್ಕೈದು ಸಲ ಒತ್ತಬೇಕಾಗುತ್ತದೆ. ಇದಕ್ಕೂ ನೀರು ಸುತ್ತದಿರುವುದೇ ಕಾರಣವೇ?

ಉತ್ತರ: ಅಲ್ಲ. ನೀರು ಬಿಸಿಯಾಗಿ ನಿಂತ ಬರ್ನರ್ ತಾನಾಗಿಯೇ ಮತ್ತೆ ಹೊತ್ತಿಕೊಳ್ಳುತ್ತದೆ, ಕೆಂಪು ದೀಪ ಹತ್ತುವುದಿಲ್ಲ. ಕೆಂಪು ದೀಪ ಹತ್ತಿದೆಯೆಂದರೆ ಉರಿಯನ್ನು ಕಾಯುವ ಫೋಟೊಸೆಲ್‌ಗೆ ಬೆಂಕಿ ಕಾಣಲಿಲ್ಲ, ಆದ್ದರಿಂದ ನಿಯಂತ್ರಕ ಡೀಸೆಲನ್ನು ತಡೆದು ಬೀಗ ಹಾಕಿಕೊಂಡಿದೆ ಎಂದು ತಿಳಿಯಬೇಕು. ನೀವು ನಾಲ್ಕೈದು ಸಲ ಗುಂಡಿ ಒತ್ತುತ್ತಿರುವುದು ಅಪಾಯಕರ. ಪ್ರತಿ ಸಲವೂ ಉರಿಯದ ಡೀಸೆಲ್ ಒಲೆಯೊಳಗೆ ಸಿಂಪಡಿಸಲ್ಪಟ್ಟು ಅಲ್ಲೇ ನಿಲ್ಲುತ್ತದೆ, ಕೊನೆಗೊಮ್ಮೆ ಕಿಡಿ ಹತ್ತಿದಾಗ ಅಷ್ಟೂ ಒಟ್ಟಿಗೆ ಉರಿದು ಬಾಗಿಲು, ಚಿಮಣಿಗಳನ್ನು ಕಿತ್ತೆಸೆಯಬಲ್ಲದು. ಒಮ್ಮೆ ಒತ್ತಿ, ಹೊತ್ತದಿದ್ದರೆ ಬಂದ್ ಮಾಡಿ ತಿಳಿದವರನ್ನು ಕರೆಸಿ.

ಅವರು ಮೊದಲು ನೋಡಬೇಕಾದದ್ದು ಡೀಸೆಲ್ ಟ್ಯಾಂಕಿನ ತಳವನ್ನು. ಗೋವಾದ ಮಳೆಯಲ್ಲಿ, ಆ ತೇವದಲ್ಲಿ, ಮುಚ್ಚಳದ ಮೂಲಕವೋ ಒಳಗೋಡೆಯ ಬೆವರಿನಿಂದಲೋ ನೀರು ಸೇರುತ್ತದೆ, ನೀರು ಡೀಸೆಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಂತು ಪೈಪಿನೊಳಗೆ ಹೋಗುತ್ತದೆ. ಆ ನೀರನ್ನು ಹೊರಬಿಟ್ಟು ಫಿಲ್ಟರ್ ಬದಲಿಸಬೇಕು. ಟ್ಯಾಂಕ್ ಬರ್ನರಿಗಿಂತ ಕೆಳಗಿದ್ದರೆ ಎಳೆಯುವ ಪೈಪಿನ ಜೋಡಣೆಗಳಲ್ಲಿ ಗಾಳಿ ಸೇರುತ್ತಿರಬಹುದು. ಸೋರುವ ಡೀಸೆಲ್ ಕಣ್ಣಿಗೆ ಕಾಣುತ್ತದೆ, ಒಳಗೆ ಎಳೆದುಕೊಳ್ಳುವ ಗಾಳಿ ಕಾಣುವುದಿಲ್ಲ, ಹಾಗಾಗಿ ಪ್ರತಿ ಜೋಡಣೆಯನ್ನೂ ಬಿಗಿಮಾಡಿಸಿ. ಫೋಟೊಸೆಲ್‌ನ ಗಾಜಿನ ಮೇಲಿನ ಮಸಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವುದು, ಕಿಡಿ ಕೊಡುವ ಎಲೆಕ್ಟ್ರೋಡ್‌ಗಳ ಅಂತರವನ್ನು ಬರ್ನರಿನ ಕೈಪಿಡಿಯಂತೆ ಇಡುವುದು ಆಮೇಲಿನ ಕೆಲಸಗಳು.

ಪ್ರಶ್ನೆ: ಡೊಂಬಿವಲಿಯಲ್ಲಿ ಮೇಲಿನ ಮಹಡಿಯ ಫ್ಲ್ಯಾಟ್ ನಮ್ಮದು. ಗೀಸರಿಗೂ ಶವರಿಗೂ ನೀರಿನ ಒತ್ತಡ ಸಾಲದೆಂದು 24 ಲೀಟರಿನ ಪ್ರೆಷರ್ ಟ್ಯಾಂಕ್ ಇರುವ ಪಂಪು ಹಾಕಿಸಿದೆವು. ನಲ್ಲಿ ತೆರೆದರೆ ಎರಡು ಮೂರು ಸೆಕೆಂಡಿಗೊಮ್ಮೆ ಹತ್ತಿ ನಿಲ್ಲುತ್ತದೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿದ್ದರೂ ಆಗಾಗ ಹತ್ತುತ್ತದೆ, ಕೆಳಗಿನ ಮನೆಯವರು ದೂರುತ್ತಿದ್ದಾರೆ.

ಉತ್ತರ: ನಿಮ್ಮಲ್ಲಿ ಎರಡು ಬೇರೆ ಬೇರೆ ದೋಷಗಳಿವೆ. ರಾತ್ರಿಯದು ಸೋರಿಕೆ. ಪಂಪಿನಿಂದ ಮನೆಯ ನಲ್ಲಿಗಳಿಗೆ ಹೋಗುವ ಪೈಪಿನ ವಾಲ್ವನ್ನು ಒಂದು ರಾತ್ರಿ ಮುಚ್ಚಿಡಿ. ಪಂಪು ಸುಮ್ಮನಿದ್ದರೆ ಸೋರಿಕೆ ಮನೆಯೊಳಗಿದೆ, ಹೆಚ್ಚಾಗಿ ಶೌಚಾಲಯದ ಫ್ಲಶ್ ಟ್ಯಾಂಕಿನಲ್ಲಿ. ಅದರೊಳಗೆ ಅಡುಗೆಯ ಬಣ್ಣ ಹಾಕಿ, ಫ್ಲಶ್ ಮಾಡದೆ ಬಿಟ್ಟರೆ, ಬಣ್ಣ ಕೆಳಗಿನ ಬಟ್ಟಲಿಗೆ ಇಳಿಯುತ್ತದೆಯೇ ಎಂಬುದು ಗೊತ್ತಾಗುತ್ತದೆ. ವಾಲ್ವ್ ಮುಚ್ಚಿದಾಗಲೂ ಪಂಪು ಹತ್ತಿದರೆ ನಾನ್ ರಿಟರ್ನ್ ವಾಲ್ವ್ ನೀರನ್ನು ಹಿಂದಕ್ಕೆ ಬಿಡುತ್ತಿದೆ, ಅದನ್ನು ಬದಲಿಸಬೇಕು.

ನಲ್ಲಿ ತೆರೆದಾಗ ಎರಡು ಸೆಕೆಂಡಿಗೊಮ್ಮೆ ಹತ್ತುವುದು ಪ್ರೆಷರ್ ಟ್ಯಾಂಕಿನಲ್ಲಿ ಗಾಳಿ ಇಲ್ಲದಿರುವುದರಿಂದ. ಪಂಪು ಒತ್ತಡದ ಅಳತೆಯಲ್ಲಿ 1.5 ಬಾರ್‌ಗೆ ಹತ್ತಿ 3 ಬಾರ್‌ಗೆ ನಿಲ್ಲುವಂತಿದ್ದು ಟ್ಯಾಂಕಿನ ಗಾಳಿ ಸರಿಯಿದ್ದರೆ, ಪಂಪು ಹತ್ತುವ ಮೊದಲು ಸುಮಾರು ಎಂಟು ಲೀಟರ್ ನೀರು ನಲ್ಲಿಗೆ ಬರಬೇಕು. ಬಕೆಟ್ಟಿನಲ್ಲಿ ಅಳೆದು ನೋಡಿ. ಅರ್ಧ ಲೀಟರಿಗೇ ಪಂಪು ಹತ್ತಿದರೆ ಟ್ಯಾಂಕ್ ಪೂರ್ತಿ ನೀರಿನಿಂದ ತುಂಬಿದೆ. ಪಂಪಿನ ವಿದ್ಯುತ್ ತೆಗೆದು, ನಲ್ಲಿ ತೆರೆದು ಒತ್ತಡವನ್ನೆಲ್ಲ ಇಳಿಸಿದ ಮೇಲೆ, ಟ್ಯಾಂಕಿನ ತುದಿಯಲ್ಲಿ ಟಯರಿಗಿರುವಂಥ ಗಾಳಿ ವಾಲ್ವಿದೆಯಲ್ಲ, ಅಲ್ಲಿ ಸೈಕಲ್ ಪಂಪಿನಿಂದ 1.3 ಬಾರ್‌ವರೆಗೆ ಗಾಳಿ ತುಂಬಿಸಿ, ಎಂದರೆ ಪಂಪು ಹತ್ತುವ ಒತ್ತಡಕ್ಕಿಂತ 0.2 ಬಾರ್ ಕಡಿಮೆ. ವಾಲ್ವಿನ ಮೊಳೆಯನ್ನು ಒತ್ತಿದಾಗ ಗಾಳಿಯ ಬದಲು ನೀರು ಚಿಮ್ಮಿದರೆ ಒಳಗಿನ ರಬ್ಬರ್ ಚೀಲ ಹರಿದಿದೆ. ಪಂಪು ಹೊಸದಾದ್ದರಿಂದ ಗ್ಯಾರಂಟಿಯಲ್ಲೇ ಆ ಟ್ಯಾಂಕನ್ನು ಬದಲಿಸಿಕೊಡುವಂತೆ ಅಂಗಡಿಯವರನ್ನು ಕೇಳಿ.